ಎರಡು ಬೆರಳಷ್ಟು ಎತ್ತರ

"ನನ್ನ ಕೈಯೇ ಅಣ್ಣನ್ನ ಕೊಂದಿತಾ ಅಂತ ಗೊತ್ತಾಗ್ಬೇಕು ಸಾರ್. ಹೌದಾದ್ರೆ ಜೈಲಿಗೆ ನಾನೇ ನಡ್ಕೊಂಡು ಹೋಗ್ತೀನಿ."

ಪತ್ತೇದಾರರ ಹೊಸ್ತಿಲಲ್ಲಿ ನಿಂತು ಹೀಗೆಂದವನು ಗ್ಯಾರೇಜಿನ ವೆಲ್ಡರ್. ಬೆಟ್ಟದ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಜೀಪು ಉರುಳಿ ಅವನ ಅಣ್ಣ ಸತ್ತಿದ್ದ. ಜೀಪಿನ ಹೊಟ್ಟೆ ಕಲ್ಲಿಗೆ ತಾಗದಿರಲೆಂದು ಅಡಿಯ ಕಬ್ಬಿಣದ ಗಾರ್ಡನ್ನು ಎರಡು ಬೆರಳಷ್ಟು ಮೇಲೆತ್ತಿ ಕೂರಿಸಿದವನು ಈ ತಮ್ಮನೇ. ಅದು ಬ್ರೇಕ್ ಪೈಪಿಗೆ ಉಜ್ಜಿ ತೂತು ಮಾಡಿತೆಂದು ಗ್ಯಾರೇಜಿನಲ್ಲಿ ಅಣ್ಣನ ಪಾಲುದಾರನಾಗಿದ್ದವನು ಅಂದೇ ಪೊಲೀಸರಿಗೆ ಹೇಳಿದ್ದ. ಹಿಂದಿನ ದಿನ ಆಯಿಲ್ ಬದಲಿಸಲು ಗಾರ್ಡ್ ಬಿಚ್ಚಿದಾಗ ಉಜ್ಜಿದ್ದನ್ನು ಕಣ್ಣಾರೆ ಕಂಡೆನೆಂದೂ, ವೆಲ್ಡರ್ ತನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲವೆಂದೂ ಹೇಳಿದ್ದ. ಅತ್ತಿಗೆ ಅದನ್ನು ನಂಬಿ, ಮೈದುನನಿಗೆ ಹೆಣದ ಮುಖವನ್ನೂ ತೋರಿಸಲಿಲ್ಲ.

ಪತ್ತೇದಾರರ ಬೆನ್ನು ಬಿಡದ ಗೆಳೆಯ, ಪೊಲೀಸರಿಗೆ ಫೋಟೋ ತೆಗೆಯುವವನು. ಹೆಣದ ಚಿತ್ರ ತೆಗೆದವನೂ ಅವನೇ. ಅವನು ಕುರ್ಚಿ ಎಳೆದು ವೆಲ್ಡರನನ್ನು ಕೂರಿಸಿದ.

ಗ್ಯಾರೇಜಿನಲ್ಲಿ ಪತ್ತೇದಾರರು ನಜ್ಜುಗುಜ್ಜಾದ ಜೀಪಿನ ಎಂಜಿನ್ ಆಯಿಲ್ ಅಳೆಯುವ ಕಡ್ಡಿ ಎಳೆದು ಕರವಸ್ತ್ರಕ್ಕೆ ಒರೆಸಿದರು. ಬಟ್ಟೆ ಮಸಿಯಾಯಿತು. ಆಮೇಲೆ ನೆಲಕ್ಕೆ ಒರಗಿ ಗಾರ್ಡ್ ನೋಡಿದರು. ಬೋಲ್ಟಿನ ತಲೆಗಳು ಗುಳಿಗಳೊಳಗೆ ಹುದುಗಿದ್ದವು. ಪ್ರತಿ ಗುಳಿಯಲ್ಲೂ ಕೆಂಪು ಮೇಣ, ಅದರ ಮೇಲೆ ಹೆಬ್ಬೆರಳ ಗುರುತು. ಕಲ್ಲು ತಾಗದಿರಲಿ, ಮಣ್ಣು ಕೂರದಿರಲಿ ಎಂದು ಗಾರ್ಡ್ ಕೂರಿಸಿದ ದಿನವೇ ತಾನು ಹಾಗೆ ಒತ್ತಿದ್ದಾಗಿ ವೆಲ್ಡರ್ ಹೇಳಿದ. ಫೋಟೋದವನು ಎಲ್ಲವನ್ನೂ ಸೆರೆಹಿಡಿದ.

ಸಂಜೆ ಸಬ್ ಇನ್‌ಸ್ಪೆಕ್ಟರ್, ಅತ್ತಿಗೆ, ಪಾಲುದಾರ ಎಲ್ಲರೂ ಅಲ್ಲಿ ಸೇರಿದರು. ಪತ್ತೇದಾರರು ಅವರೆದುರೇ ಮೇಣ ಕೆರೆಸಿ ಗಾರ್ಡ್ ಬಿಚ್ಚಿಸಿದರು.

"ಈ ಮೇಣ ಒಡೆದಿದ್ದು ಈಗಲೇ. ವೆಲ್ಡರ್ ಒತ್ತಿದ ಮೇಲೆ ಗಾರ್ಡನ್ನ ಯಾರೂ ಬಿಚ್ಚಿಲ್ಲ. ಆಯಿಲೂ ಹಳೇದೇ. ಗಾರ್ಡ್ ಮುಚ್ಚಿರುವಾಗ ಅಡಿಯಿಂದ ಪೈಪ್ ಕಾಣೋದೇ ಇಲ್ಲ. ಹಾಗಿದ್ರೆ ತೂತಾಗಿದ್ದು ಪೈಪೇ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಪಾಲುದಾರ ತುಟಿ ಒದ್ದೆ ಮಾಡಿಕೊಂಡ. ಅಂದಾಜಿಗೆ ಹೇಳಿದೆ ಎಂದ.

ಪತ್ತೇದಾರರು ಪೈಪಿನ ಮೇಲೆ ಬೆಳಕು ಬಿಟ್ಟರು. ಗಾರ್ಡಿನತ್ತ ಇದ್ದ ಅಡಿಭಾಗ ನುಣ್ಣಗೆ, ಒಂದು ಗೀರೂ ಇಲ್ಲದೆ ಇತ್ತು. ಸೀಳಿದ್ದು ಮೇಲ್ಭಾಗದಲ್ಲಿ, ಅಂಚಿಗೆ ಗರಗಸದ ಹಲ್ಲಿನ ಗುರುತು. ಬಾನೆಟ್ ಎತ್ತಿ ಮೇಲಿನಿಂದ ಕೊಯ್ದ ಪಾಲುದಾರ ಅಡಿಯ ಮೇಣವನ್ನು ನೋಡಿಯೇ ಇರಲಿಲ್ಲ. ಕದ್ದ ಗಾಡಿಗಳನ್ನು ಬಿಚ್ಚಿ ಮಾರುವ ಅವನ ದಂಧೆ ಅಣ್ಣನಿಗೆ ತಿಳಿದುಹೋಗಿತ್ತೆಂಬುದು ಆಮೇಲೆ ಠಾಣೆಯಲ್ಲಿ ಅವನ ಬಾಯಿಂದಲೇ ಬಂತು.

ಪೊಲೀಸರು ಪಾಲುದಾರನನ್ನು ಕರೆದೊಯ್ದ ಮೇಲೆ ಅತ್ತಿಗೆ ಗ್ಯಾರೇಜಿನಲ್ಲೇ ಮೈದುನನ ಮುಂದೆ ನಿಂತಳು. ಅವನು ತಲೆ ಎತ್ತಲಿಲ್ಲ.

"ಅಣ್ಣನ ಮುಖ ಹೇಗಿತ್ತು ಅತ್ತಿಗೆ?"

"ಮಲಗಿದ್ದ ಹಾಗೇ ಇತ್ತಪ್ಪ," ಎಂದಳು ಅವಳು.

ಫೋಟೋದವನು ಆ ಮುಖದ ಚಿತ್ರವಿದ್ದ ಚೀಲವನ್ನು ಸದ್ದಿಲ್ಲದೆ ಬೆನ್ನ ಹಿಂದಕ್ಕೆ ಸರಿಸಿಕೊಂಡ.