ಅತ್ತೆಗೆ ಕಳಿಸಿದ ಫೋಟೊ

ಅವಳ ಹೆಗಲ ಮೇಲಿದ್ದ ರೇಷ್ಮೆ ಎಳೆಯನ್ನು ತೆಗೆದವನು... ನನ್ನ ಶಿವಪ್ರಕಾಶನೇ?!

ಹುನಗುಂದದ ದವಾಖಾನೆಯ ಲ್ಯಾಬಿನ ಕಿಟಕಿಯಲ್ಲಿ, ಅಲ್ಲೇ ಕೆಲಸಕ್ಕಿದ್ದ ಐಶ್ವರ್ಯ ಕಲ್ಲಾಗಿ ನಿಂತಳು. ಹೊರಗೆ ಬೆಂಚಿನ ಮೇಲೆ ಅವಳ ಸೋದರಮಾವನ ಮಗ, ಮೊನ್ನೆಯಷ್ಟೇ ಉಂಗುರ ತೊಡಿಸಿದವನು. ಪಕ್ಕದಲ್ಲಿ ರಾಧಿಕಾ, ಇಳಕಲ್ಲಿನ ಅವನ ಮನೆಯ ಮಗ್ಗದಲ್ಲಿ ಸೀರೆ ನೇಯುವವಳು.

"ಯಾಕ ಬಂದೀರಿ?" ಕಿಟಕಿಯಿಂದಲೇ ಕೇಳಿದಳು.

"ಸುಮ್ನ... ಕೆಲಸಿತ್ತು," ಎಂದ ಶಿವಪ್ರಕಾಶ.

ಸುಮ್ಮನೆ ಯಾರಾದರೂ ದವಾಖಾನೆಗೆ ಬರುತ್ತಾರೆಯೇ! ಐಶ್ವರ್ಯಳ ಹೊಟ್ಟೆ ಧಗಧಗ ಉರಿಯಿತು.

ರಾಧಿಕಾಳ ರಿಪೋರ್ಟ್ ಬಂದಾಗ ಅದನ್ನು ಡಾಕ್ಟರಿಗೆ ಮುಟ್ಟಿಸುವುದಷ್ಟೇ ಅವಳ ಕೆಲಸ. ತೆರೆದು ಓದಿದಳು. ಕುತ್ತಿಗೆ ಗಂಟಿನ ಟಿ.ಬಿ.

ಸಂಬಂಧದೊಳಗಿನ ಮದುವೆಯಲ್ಲಿ ಗಂಡಿನ ಮೇಲಿನ ದೂರು ಹೋಗುವುದು ಅತ್ತೆಗೇ. ರಿಪೋರ್ಟಿನ ಫೋಟೊ ತೆಗೆದು ಶಿವಪ್ರಕಾಶನ ತಾಯಿ ಗುರುಲಿಂಗವ್ವನಿಗೆ ಕಳಿಸಿದಳು. 'ಅತ್ತಿ, ನಿಮ್ಮ ಮಗ ಎಂಥಾಕಿನ್ನ ಕರ್ಕೊಂಡು ಅಡ್ಡಾಡಾಕತ್ತಾನ ನೋಡ್ರಿ!' ಈ ಟಿ.ಬಿ. ಹರಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅದೊಂದನ್ನು ಮಾತ್ರ ಬರೆಯಲಿಲ್ಲ.

ಮರುದಿನ ಶಿವಪ್ರಕಾಶ ಬಂದ. ಮುಖ ಕಪ್ಪಿಟ್ಟಿತ್ತು.

"ಅವ್ವ ಎಲ್ಲಾರ ಮುಂದ ರಾಧಿಕಾನ್ನ ಮಗ್ಗದಿಂದ ಎಬ್ಬಿಸಿ ಕಳಿಸಿದ್ಲು. ಓಣಿಗೆಲ್ಲಾ ಗೊತ್ತಾತು. ಇನ್ನ ದವಾಖಾನಿ ಮೆಟ್ಟಲಾ ಹತ್ತೂದಿಲ್ಲ, ಗುಳಿಗಿನೂ ಬ್ಯಾಡ ಅಂತಾಳ ಅಕಿ!"

"ನನಗರ ಒಂದ್ ಮಾತು ಹೇಳಬೇಕಿತ್ತಲ್ಲ..."

"ಯಾರಿಗೂ ಹೇಳಬ್ಯಾಡ್ರಿ ಅಂತ ಕೈ ಮುಗಿದಿದ್ಲು. ಅಕಿ ಬ್ಯಾನಿ ಅಕಿದು, ಐಶೂ. ನಾ ಹೆಂಗ ಹೇಳಲಿ?"

ಅವಳ ಬೆರಳಿನಿಂದ ಉಂಗುರ ತೆಗೆದು ಮೇಜಿನ ಮೇಲಿಟ್ಟು ಹೋದ.

ಐಶ್ವರ್ಯ ಅತ್ತಳು. ಅತ್ತು, ಡಾಕ್ಟರಿಗೆ ತಾನೇ ಎಲ್ಲ ಹೇಳಿದಳು. ಕೆಲಸ ಹೋಯಿತು. ಉಂಗುರವನ್ನು ಸೆರಗಿನಲ್ಲಿ ಕಟ್ಟಿಕೊಂಡು ಇಳಕಲ್ಲಿನ ಬಸ್ಸು ಹತ್ತಿದಳು.

"ತಪ್ಪು ನಂದ್ರಿ, ಅತ್ತಿ. ಅದು ಒಬ್ಬರಿಂದ ಒಬ್ಬರಿಗೆ ಹತ್ತೂ ರೋಗ ಅಲ್ಲ. ಹೊಟ್ಟಿಕಿಚ್ಚಿಗೆ ನಾನಾ ಹೇಳಲಿಲ್ಲ."

ಗುರುಲಿಂಗವ್ವ ಚಪ್ಪಲಿ ಮೆಟ್ಟಿಕೊಂಡು, "ನಡಿ," ಎಂದಳು.

ರಾಧಿಕಾ ಬಾಗಿಲನ್ನು ಅರ್ಧವೇ ತೆರೆದಳು.

"ನಿಮ್ಮ ಸಿಟ್ಟು ಶಿವಪ್ರಕಾಶ ಅವರ ಮ್ಯಾಲಿತ್ತು. ನನ್ನ ಯಾಕ ಬೀದಿಗೆ ತಂದ್ರಿ, ಅಕ್ಕಾರ?"

ಐಶ್ವರ್ಯ ಅವಳ ಕೈ ಹಿಡಿದು ಬಿಕ್ಕಿದಳು. "ನನ್ನ ಕ್ಷಮಿಸಬ್ಯಾಡ... ಗುಳಿಗಿ ಮಾತ್ರ ಬಿಡಬ್ಯಾಡವಾ!"

"ಮಗ್ಗ ಖಾಲಿ ಐತಿ, ಬಾ," ಎಂದಳು ಗುರುಲಿಂಗವ್ವ, ತಲೆ ತಗ್ಗಿಸಿ.

ರಾಧಿಕಾ ಐಶ್ವರ್ಯಳ ಮುಖ ನೋಡಲಿಲ್ಲ. ಆದರೂ ಅವತ್ತೇ ದವಾಖಾನೆಗೆ ಹೋದಳು, ಗುಳಿಗೆ ಶುರುವಾಯಿತು. ಎರಡು ದಿನಕ್ಕೆ ಮಗ್ಗದ ಸದ್ದೂ ಕೇಳಿಸಿತು. ಅದನ್ನು ಕೇಳುತ್ತ ಅತ್ತೆಯ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಐಶ್ವರ್ಯಳ ಪಕ್ಕ ಶಿವಪ್ರಕಾಶ ಬಂದು ಕುಳಿತ.

"ಇನ್ನೊಮ್ಮೆ ನಾ ಯಾರನ್ನಾರ ದವಾಖಾನಿಗೆ ಕರ್ಕೊಂಡು ಹೋದ್ರ?"

"ಹೊಟ್ಟಿ ಉರೀತೈತ್ರಿ... ಭಾಳ ಉರೀತೈತಿ. ಆದ್ರ ಅವರ ಬ್ಯಾನಿ ಏನಂತ ಕೇಳೂದಿಲ್ಲ."

ಅವನು ಅವಳ ಸೆರಗಿನ ಗಂಟು ಬಿಚ್ಚಿ, ಉಂಗುರವನ್ನು ಅವಳ ಬೆರಳಿಗೆ ತೊಡಿಸಿದ.

"ಉರಿದ್ರ ನನಗ ಹೇಳು, ಹುಚ್ಚಿ. ಅವ್ವಗ ಹೇಳಬ್ಯಾಡ."