ರವಿವಾರದ ಕಾಡಿಗೆ

ರುಕ್ಮವ್ವ ಆವರೆಗೆ ಒಂದು ಗುಟುಕು ಚಹಾ ಕೂಡ ಕುಡಿದವಳಲ್ಲ. ಆದರೂ ಆ ರವಿವಾರ ಸುಳ್ಳ ಎಂಬ ತನ್ನೂರಿನ ಚಾವಡಿಯಲ್ಲಿ ಎದ್ದು ನಿಂತು, ಮಜ್ಜಿಗೆಗಿಂತ ಚಹಾನೇ ಮೇಲು ಎಂದು ವಾದಿಸಬೇಕಾಗಿ ಬಂತು. ಅವಳು ಎತ್ತಿದ ಚೀಟಿಯಲ್ಲಿ ಹಾಗಿತ್ತು, ಏನು ಮಾಡುವುದು!

"ಚಹಾ ಕುಡಿದ್ರ ನಿದ್ದಿ ಬರಂಗಿಲ್ಲಂತ. ಹೊಲ ಕಾಯವ್ರಿಗೆ ಛಲೋ ಆತಲ್ರಿ!" ಎಂದಳು.

ಮಜ್ಜಿಗೆಯ ಪಕ್ಷ ಹಿಡಿದಿದ್ದವನು ಗಂಗಪ್ಪ, ಊರಿನ ತರುಣ ಸಂಘದ ಮುಖಂಡ. ನೆಟ್ಟನೆಯ ಆಳು. ನಕ್ಕರೆ ಎಡಗೆನ್ನೆಗೆ ಮಾತ್ರ ಗುಳಿ ಬೀಳುತ್ತಿತ್ತು. ಅವನು ಎದ್ದು, ರುಮಾಲು ಸರಿಮಾಡಿಕೊಂಡು, ಅವಳನ್ನು ಓರೆಗಣ್ಣಿಂದ ನೋಡಿದ.

"ಚಹಾ ಯಾವ ಬಣ್ಣ ಇರ್ತೈತಿ ಅನ್ನೂದರ ಹೇಳ್ಲಿ ನೋಡೋಣ ಇವರು."

"ಥೇಟ ನಿಮ್ಮ ಮಾರಿ ಬಣ್ಣ ಇರ್ತೈತ್ರಿ!"

ಚಾವಡಿಗೆ ಚಾವಡಿಯೇ ಹೋ ಎಂದು ನಕ್ಕಿತು. ಮಜ್ಜಿಗೆ ಸೋತಿತು. ಎಲ್ಲರ ನಗು ನಿಂತ ಮೇಲೂ ಗಂಗಪ್ಪ ನಗುತ್ತಲೇ ಇದ್ದ, ಅವಳನ್ನು ನೋಡುತ್ತಲೇ ಇದ್ದ. ರುಕ್ಮವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ಪ್ರೀತಿ ಶುರುವಾದದ್ದು ಹೀಗೆ, ಇಬ್ಬರೂ ನಂಬದ ಮಾತುಗಳನ್ನು ಜೋರಾಗಿ ಆಡುತ್ತ.

ಆ ಕಾಲಕ್ಕೆ, ಅಂದರೆ ಮೂವತ್ತೆಂಟನೆಯ ಇಸವಿಯಲ್ಲಿ, ಹಳ್ಳಿಯ ಹುಡುಗ ಹುಡುಗಿಯರು ಒಂದೇ ಚಾವಡಿಯಲ್ಲಿ ಕೂಡುವುದೆಂದರೆ ಸಣ್ಣ ಮಾತಲ್ಲ. ಅದನ್ನು ಮಾಡಿ ತೋರಿಸಿದವರು ಹುಬ್ಬಳ್ಳಿಯ ತಾರಾಬಾಯಿ. ಪ್ರತಿ ರವಿವಾರ ಚಕ್ಕಡಿ ಏರಿ ಬರುತ್ತಿದ್ದರು. ಹುಡುಗರಿಗೆ ಗೊಬ್ಬರದ ಗುಂಡಿ ತೋಡುವುದು, ಬಾವಿಗೆ ಔಷಧ ಹಾಕುವುದು. ಹುಡುಗಿಯರಿಗೆ ಓದು, ಹೊಲಿಗೆ, ಗಾಯಕ್ಕೆ ಪಟ್ಟಿ ಕಟ್ಟುವುದು. ಕಡೆಗೆ ಎಲ್ಲರಿಗೂ ಮಾತಾಡುವ ಪಾಠ. ಬಂದ ಚೀಟಿಯ ಪಕ್ಷವನ್ನು ಹಿಡಿಯಲೇಬೇಕು, ಮನಸ್ಸಿಗೆ ಒಪ್ಪಲಿ ಬಿಡಲಿ. ಎದುರಿನವನ ಮಾತನ್ನು ತನ್ನ ಬಾಯಿಂದ ಆಡಿ ನೋಡಿದವನಿಗೇ ಊರು ನಡೆಸಲು ಬರುತ್ತದೆ ಎಂದು ತಾರಾಬಾಯಿಯವರ ನಂಬಿಕೆ. ಪಾಪ, ಒಳ್ಳೆಯ ಹೆಂಗಸು.

ಒಂದು ರವಿವಾರ ಬಾವಿಗೆ ಔಷಧ ಹಾಕುವ ಪಾಳಿ ಗಂಗಪ್ಪನದಾಗಿತ್ತು. ಕೊಡ ಹಿಡಿದು ಬಂದ ರುಕ್ಮವ್ವ ಕಟ್ಟೆಯ ಈ ಕಡೆ ನಿಂತಳು.

"ರವಿವಾರ ಅಷ್ಟ ಕಾಡಿಗಿ ಹಚ್ಚತೀ. ಉಳಿದ ದಿನ ಯಾಕ ಹಚ್ಚಂಗಿಲ್ಲ?" ಎಂದು ಅವನು ನೀರು ನೋಡುತ್ತಲೇ ಕೇಳಿದ.

"ಉಳಿದ ದಿನ ನೋಡವ್ರು ಯಾರದಾರ್ರಿ?"

ಅಂದುಬಿಟ್ಟು ನಾಲಗೆ ಕಚ್ಚಿಕೊಂಡಳು. ಅವನು ತಲೆಯೆತ್ತಿ ನೋಡಿದ. ಆ ನೋಟಕ್ಕೆ ಅವಳ ಕೊಡ ತಾನಾಗಿ ಸೊಂಟದಿಂದ ಜಾರಿತು.

"ಯಾರ ಮುಂದೂ ಹೇಳಬ್ಯಾಡ್ರಿ ಮತ್ತ. ನಿಮ್ಮ ಕೈ ಮುಗೀತೇನಿ."

"ಹುಚ್ಚಿ! ನಾ ಯಾರ ಮುಂದ ಹೇಳಲಿ? ನೀ ಮೊದಲ ಹುಬ್ಬಳ್ಳಿಗೆ ಹೋಗಿ ನರ್ಸಿನ ಕೆಲಸ ಕಲತು ಬಾ. ಆಮ್ಯಾಲೆ ನಾನ ನಿಮ್ಮಪ್ಪನ ಮುಂದ ಬಂದು ನಿಲ್ತೇನಿ."

ಹುಬ್ಬಳ್ಳಿಯ ಮಾತು ಖರೇನೇ ಆಗಿತ್ತು. ದಸರೆ ಮುಗಿದ ಮೇಲೆ ಅವಳನ್ನು ಕಲಿಸಲು ಕರೆದೊಯ್ಯುತ್ತೇನೆಂದು ತಾರಾಬಾಯಿ ಹೇಳಿದ್ದರು. ರುಕ್ಮವ್ವ ಮನೆಯಲ್ಲಿ ರೊಟ್ಟಿ ಬಡಿಯುತ್ತ ಬಡಿಯುತ್ತ ಒಬ್ಬಳೇ ನಗುತ್ತಿದ್ದಳು. ಅವಳ ತಾಯಿ, ಈ ಹುಡುಗಿಗೆ ಏನೋ ಆಗಿದೆ ಎಂದು ದೃಷ್ಟಿ ತೆಗೆದಳು.

ಊರ ಹಿರಿಯರಿಗೆ ಮಾತ್ರ ಈ ಸಂಘ ಸರಿಬರಲಿಲ್ಲ. ವಯಸ್ಸಿಗೆ ಬಂದ ಹುಡುಗಿಯರು ಹುಡುಗರೆದುರು ಕೂತು ಬಾಯಿ ಮಾಡುವುದೆಂದರೇನು? ತಾರಾಬಾಯಿ ಹೆದರಲಿಲ್ಲ. ಸಂಘದಲ್ಲಿ ಹುಡುಗಿಯರು ಇರಬೇಕೋ ಬೇಡವೋ ಎಂಬುದನ್ನೇ ವಾದಕ್ಕಿಡೋಣ, ಹಿರಿಯರೂ ಬಂದು ಕೇಳಿ ಕೈ ಎತ್ತಲಿ ಎಂದರು.

"ನಮ್ಮ ಹುಡುಗರ ಮ್ಯಾಲೆ ನನಗ ಪೂರಾ ಭರವಸ ಅದ," ಎಂದರು.

ರುಕ್ಮವ್ವನ ಅಪ್ಪ ಶಿದ್ದಪ್ಪ ಕಡಿಮೆ ಮಾತಿನ ಮನುಷ್ಯ. ಅಂದು ಊಟಕ್ಕೆ ಕೂತಾಗ ಒಂದೇ ಸಲ ಹೇಳಿದ.

"ಸಭಾ ಹುಡುಗ್ಯಾರು ಇರಲಿ ಅಂದ್ರ ಹುಬ್ಬಳ್ಳಿಗೆ ಕಳಸ್ತೇನಿ. ಬ್ಯಾಡ ಅಂದ್ರ ರಾಯಾಪುರದವರಿಗೆ ಹೂಂ ಅಂತೇನಿ. ಆಮ್ಯಾಲೆ ಅತ್ತು ಕರೆದು ಮಾಡಬಾರದು."

ರಾಯಾಪುರದ ಗಂಡಿಗೆ ಅದು ಎರಡನೆಯ ಮದುವೆ. ಮೊದಲಿನವಳು ಬಾಣಂತನದಲ್ಲಿ ತೀರಿಹೋಗಿದ್ದಳು.

ಒಂದು ವಾರ ಮುಂಚೆ ಚೀಟಿ ಎತ್ತಿದರು. 'ಇರಲಿ' ಎಂಬುದು ರುಕ್ಮವ್ವನಿಗೆ ಬಂತು. 'ಬೇಡ' ಎಂಬುದು ಗಂಗಪ್ಪನಿಗೆ.

ಗೆಳತಿ ದಾವಲಬಿ ಅವಳ ತೋಳು ಚಿವುಟಿದಳು. "ಏನ್ ನಸೀಬ ಬೇ ನಿಂದು! ಅಂವ ಬೇಕಂತ ಸೋಲ್ತಾನ ನೋಡು."

ಬಾವಿಯ ಹತ್ತಿರ ಗಂಗಪ್ಪನೂ ಅದನ್ನೇ ಅಂದ. "ಮಜ್ಜಿಗಿ ಸೋತಂಗ ಸೋಲ್ತೇನಿ. ನೀ ಆರಾಮ ಇರು."

ಅವಳು ಆರಾಮಾಗಿಯೇ ಇದ್ದಳು. ಆ ರವಿವಾರ ಕಾಡಿಗೆಯನ್ನು ತುಸು ಹೆಚ್ಚೇ ಹಚ್ಚಿಕೊಂಡಳು.

ಚಾವಡಿ ಕಿಕ್ಕಿರಿದಿತ್ತು. ಹಿರಿಯರು ಗೋಡೆಗೆ ಒರಗಿ ಕೂತಿದ್ದರು. ಶಿದ್ದಪ್ಪನೂ ಇದ್ದ. ರುಕ್ಮವ್ವ ಮೊದಲು ಮಾತಾಡಿದಳು. ಗಿರಣಿಯಲ್ಲಿ ಕೈ ಕೊಯ್ದುಕೊಂಡ ಉಸ್ಮಾನಸಾಬರಿಗೆ ದಾವಲಬಿ ಪಟ್ಟಿ ಕಟ್ಟಿ ರಕ್ತ ನಿಲ್ಲಿಸಿದ್ದನ್ನು ಹೇಳಿದಳು. ಉಸ್ಮಾನಸಾಬರು ಕೈ ಎತ್ತಿ ಗಾಯದ ಗುರುತು ತೋರಿಸಿದರು. "ಖರೇ ಐತಿ, ಈ ಹುಡುಗಿ ಇರಲಿಲ್ಲಂದ್ರ ನನ್ನ ಕೈ ಹೋಗಿತ್ತು," ಎಂದರು. ಗೋಡೆಯ ಕಡೆಯ ತಲೆಗಳು ಒಂದೊಂದಾಗಿ ಆಡತೊಡಗಿದವು. ಅವಳು ಗೆದ್ದೇಬಿಟ್ಟಿದ್ದಳು!

ಗಂಗಪ್ಪ ಎದ್ದ. ಹೇಳಿದಂತೆಯೇ ಸಪ್ಪಗೆ ಶುರು ಮಾಡಿದ. ಹೆಣ್ಣುಮಕ್ಕಳಿಗೆ ಮನೆಗೆಲಸ ಇರುತ್ತದೆ, ಹೊತ್ತಾಗುತ್ತದೆ, ಇತ್ಯಾದಿ. ಹಿಂದಿನಿಂದ ಯಾರೋ ಕೂಗಿದರು.

"ಏನ್ಲೇ ಗಂಗ್ಯಾ, ಹುಡುಗಿ ಮುಂದ ದನೀನ ಹೊಂಡವಲ್ತಲ್ಲೋ! ಇಂವ ನಮ್ಮ ಮುಖಂಡ ಅಂತ!"

ಜನ ನಕ್ಕರು. ಗಂಗಪ್ಪನ ಕಿವಿ ಕೆಂಪಾಯಿತು. ಅವನು ರುಮಾಲು ಸರಿಮಾಡಿಕೊಂಡ.

"ಹಿರಿಯರೇ," ಎಂದ, ಬೇರೆಯದೇ ದನಿಯಲ್ಲಿ. "ಹುಡುಗ್ಯಾರು ಇಲ್ಲಿ ಓದಾಕ ಬರ್ತಾರ ಅಂತ ತಿಳಕೊಂಡೀರಿ. ಇಲ್ಲೇ ಕುಂತವರೊಳಗ ಒಬ್ಬಾಕಿ ರವಿವಾರ ಅಷ್ಟ ಕಣ್ಣಿಗೆ ಕಾಡಿಗಿ ಹಚ್ಚಿಕೊಂಡು ಬರ್ತಾಳ. ಉಳಿದ ದಿನ ಹಚ್ಚಂಗಿಲ್ಲ. ಯಾಕಂತ ಕೇಳ್ರಿ. ಉಳಿದ ದಿನ ನೋಡವ್ರು ಯಾರದಾರ, ಅಂತಾಳ!"

ಚಾವಡಿಯೇ ಮುರಿದು ಬೀಳುವಂತೆ ಜನ ನಕ್ಕರು. ಎಲ್ಲರೂ ಹುಡುಗಿಯರ ಕಡೆ ತಿರುಗಿ ಕಣ್ಣುಗಳನ್ನು ಹುಡುಕತೊಡಗಿದರು. ದಾವಲಬಿ ತನ್ನ ಓಢಣಿಯನ್ನು ಸರ್ರನೆ ರುಕ್ಮವ್ವನ ಮುಖದ ಮುಂದೆ ಎಳೆದಳು. ಅದರಿಂದಲೇ ಎಲ್ಲರಿಗೂ ಗೊತ್ತಾಯಿತು.

ಗಂಗಪ್ಪ ಒಂದು ಉಸಿರು ತಡೆದು ಹಿರಿಯರ ಕಡೆ ನೋಡಿದ. ಅವನಿಗೆ ರುಚಿ ಹತ್ತಿತ್ತು. ನಿಲ್ಲಿಸುವುದೆಲ್ಲಿಯ ಮಾತು!

"ಸಂಘದಾಗ ಅಂಥಾ ಕಣ್ಣು ನೋಡಿಕೋತ ಕುಂದರೋ ಹುಡುಗ ನಾಳೆ ಹೆಣ್ಣು ಕೇಳಾಕ ನಿಮ್ಮ ಮನಿಗೆ ಬಂದ್ರ, ಕೊಡ್ತೀರೇನು?"

"ಇಲ್ಲ!" ಎಂದು ಚಾವಡಿ ಗರ್ಜಿಸಿತು.

ಕೊನೆಯ ಮಾತು ರುಕ್ಮವ್ವನದು. ಅವಳು ಎದ್ದು ನಿಂತಳು. ಆ ಹುಡುಗ ಯಾರೆಂದು ಹೇಳಿಬಿಟ್ಟರೆ ಇವನ ಮಾನ ಈಗಲೇ, ಇಲ್ಲೇ ಮಣ್ಣಾಗುತ್ತಿತ್ತು. ಬಾಯಿ ತೆರೆದಳು. ಅವನ ಕಡೆ ನೋಡಿದಳು. ಅವನು ಹಣೆಯ ಬೆವರು ಒರೆಸಿಕೊಳ್ಳುತ್ತ, ಗುಳಿ ಬಿದ್ದ ಕೆನ್ನೆಯಲ್ಲಿ ನಗುತ್ತಿದ್ದ. ಅವಳು ಏನೂ ಹೇಳದೆ ಕೂತಳು.

ಕೈಗಳು ಎದ್ದವು. ಶಿದ್ದಪ್ಪನ ಕೈಯೂ ಎದ್ದಿತು. ತಾರಾಬಾಯಿ ಎಣಿಸುವ ಗೋಜಿಗೇ ಹೋಗಲಿಲ್ಲ, ತಲೆ ತಗ್ಗಿಸಿ ಚೀಲ ಎತ್ತಿಕೊಂಡರು.

ಹೊರಗೆ ಬೇವಿನ ಮರದ ಕೆಳಗೆ ಅವನು ಓಡಿ ಬಂದು ಅವಳನ್ನು ತಡೆದ. ಜನ ಬೆನ್ನು ತಟ್ಟಿದ ಬಿಸಿ ಇನ್ನೂ ಆರಿರಲಿಲ್ಲ.

"ರುಕ್ಮವ್ವಾ, ಖರೇ ಹೇಳು, ನಾ ಹೆಂಗ ಮಾತಾಡಿದೆ?"

ಅವಳು ಅವನ ಮುಖವನ್ನೇ ನೋಡಿದಳು.

"ಛಲೋ ಮಾತಾಡಿದ್ರಿ."

"ಸಿಟ್ಟು ಬಂತೇನು? ಅದು ಬರೇ ಚೀಟಿ ಮಾತಲ್ಲೇನು! ನಾಳೆ ಮುಂಜಾನೆ ನಿಮ್ಮಪ್ಪನ ಹಂತೇಕ ಬರ್ತೇನಿ. ಎಲ್ಲಾ ಸರಿ ಮಾಡ್ತೇನಿ ನೋಡು."

ಮರುದಿನ ಅವನು ಬಂದೇ ಬಂದ. ಹೊಸ ಧೋತರ ಉಟ್ಟು ಬಂದಿದ್ದ. ಶಿದ್ದಪ್ಪ ಎತ್ತಿಗೆ ಹೊಟ್ಟು ಕಲಸುತ್ತಿದ್ದವನು ಕೈ ತೊಳೆಯದೆಯೇ ಎಲ್ಲವನ್ನೂ ಕೇಳಿದ.

"ನಿನ್ನೆ ನೀನ ಕೇಳಿದ್ಯಲ್ಲಪಾ, ಅಂಥಾ ಹುಡುಗಗ ಕೊಡ್ತೀರೇನು ಅಂತ? ಇಲ್ಲ ಅಂದವರೊಳಗ ನಾನೂ ಒಬ್ಬಂವ."

"ಕಾಕಾ, ಅದು ವಾದದ ಸಲುವಾಗಿ ಆಡಿದ್ದರಿ. ನನ್ನ ಮನಸಿನಾಗ ಹಂಗಿರಲಿಲ್ಲ."

"ಮನಸಿನಾಗಿಲ್ಲದ್ದನ್ನ ಅಷ್ಟು ಛಂದ ಹೇಳಾಕ ಬರ್ತೈತೇನು?" ಶಿದ್ದಪ್ಪ ಒಳಗೆ ಕೂಗಿದ. "ರುಕ್ಮಾ, ಹೊರಗ ಬಾ. ಆ ಕಾಡಿಗಿ ನಿಂದೇನು?"

ಅವಳು ಹೊಸ್ತಿಲಲ್ಲಿ ನಿಂತು, "ಹೌದಪ್ಪಾ, ನಂದ," ಎಂದಳು.

ಶಿದ್ದಪ್ಪ ಹೊಟ್ಟಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, ಅವಳು ಜನ್ಮದಲ್ಲೇ ನಿರೀಕ್ಷಿಸದ ಮಾತು ಆಡಿದ. "ಇಂವಗ ಕೊಟ್ರ ಹೋಗ್ತೀ ಏನು? ಹೋಗ್ತೇನಿ ಅಂದ್ರ ಕೊಡ್ತೇನಿ. ಊರವರ ಬಾಯಿ ನಾ ನೋಡ್ಕೋತೇನಿ."

ಹೋಗುತ್ತೇನೆ ಎನ್ನಲು ಅವಳಿಗೆ ಎಷ್ಟು ಆಸೆ! ಇವನ ಮೇಲೆ ಸಿಟ್ಟಿತ್ತು, ಸಿಟ್ಟಿಗಿಂತ ಹೆಚ್ಚಾಗಿ ಇವನೇ ಬೇಕಾಗಿತ್ತು.

ಗಂಗಪ್ಪ ಮುಂದೆ ಬಂದ. "ರುಕ್ಮವ್ವಾ, ನೀ ಇಲ್ಲಂದ್ರ ಈ ಊರಾಗ ನನಗೇನೈತಿ? ರವಿವಾರ ಬರಲಿ ಅಂತ ಆರು ದಿನ ಜೀವಾ ಹಿಡಕೊಂಡು ಇರ್ತೇನಿ. ನಿನ್ನ ಬಿಟ್ಟು ಬ್ಯಾರೆ ಯಾರ ಕಣ್ಣೂ ನಾ ಕಂಡಿಲ್ಲ..."

ಎಂಥ ಮಾತುಗಳು! ಅವಳ ಕಾಲು ಹೊಸ್ತಿಲು ದಾಟಿತು. ಅಷ್ಟರಲ್ಲಿ ಅವನು ಮಾತು ನಿಲ್ಲಿಸಿ, ಒಂದು ಉಸಿರು ತಡೆದು, ಶಿದ್ದಪ್ಪನ ಕಡೆ ನೋಡಿದ. ಮಾತು ಎಷ್ಟು ನಾಟಿತು ಎಂದು ಅಳೆಯುವ ನೋಟ. ಚಾವಡಿಯಲ್ಲಿ ಹಿರಿಯರ ಕಡೆ ನೋಡಿದ್ದೂ ಹೀಗೆಯೇ, ಕಾಡಿಗೆಯ ಮಾತು ಆಡಿ ಮುಗಿಸಿ.

ಅವಳು ಕಾಲು ಹಿಂದೆ ತೆಗೆದುಕೊಂಡಳು.

"ಬ್ಯಾಡಪ್ಪಾ."

"ಯಾಕ?" ಎಂದವನು ಗಂಗಪ್ಪ. ಅವನ ದನಿ ಒಡೆದಿತ್ತು.

"ನಿನ್ನೆನೂ ನೀವು ಹಿಂಗ ಮಾತಾಡಿದ್ರಿ. ಎರಡರಾಗ ಯಾವುದು ಖರೇ ಅಂತ ನನಗ ತಿಳೀವಲ್ತು. ಜನ್ಮಪೂರ್ತಿ ನಿಮ್ಮ ಮಾರಿ ನೋಡಿಕೋತ ಅದನ್ನ ಹುಡುಕಿಕೋತ ಕುಂದರೂದು ನನ್ನಿಂದ ಆಗಂಗಿಲ್ಲ."

ಅವನು ರುಮಾಲು ಸರಿಮಾಡಲು ಕೈ ಎತ್ತಿ, ಹಾಗೇ ಇಳಿಸಿದ. ತಲೆ ಕೆಳಗೆ ಹಾಕಿ ಅಂಗಳ ದಾಟಿ ಹೋದ. ಮಾತಿಲ್ಲದ ಆ ಬೆನ್ನನ್ನು ನೋಡಿ ಅವಳಿಗೆ ಕೂಗಿ ಕರೆಯಬೇಕೆನಿಸಿತು. ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಕರೆಯಲಿಲ್ಲ.

ದಸರೆ ಮುಗಿದ ಮೇಲೆ ರಾಯಾಪುರದ ದಿಬ್ಬಣ ಬಂತು. ಊರಲ್ಲಿ ಯಾರದೇ ಮದುವೆಯಾಗಲಿ, ನೀರು, ಪಂಕ್ತಿ, ಜನ ಸಂಭಾಳಿಸುವುದೆಲ್ಲ ಸಂಘದ ಹುಡುಗರ ಕೆಲಸ. ಮುಖಂಡ ನಿಂತು ನಾಲ್ಕು ಮಾತು ಹರಸುವುದೂ ರೂಢಿ.

ಗಂಗಪ್ಪ ಹಂದರದ ಕಂಬ ಹಿಡಿದು ನಿಂತು ಹರಸಿದ. ಈ ಮನೆಯ ದೀಪ ಆ ಮನೆಯಲ್ಲೂ ಬೆಳಗಲಿ ಎಂದ, ಹೆತ್ತವರ ಕರುಳಿನ ಮಾತು ಆಡಿದ, ನಡುವೆ ಅವನ ಗಂಟಲು ಕಟ್ಟಿತು. ಬೀಗರ ಕಡೆಯ ಮುದುಕ ಕೂಡ ಕಣ್ಣೊರೆಸಿಕೊಂಡ. "ಎಷ್ಟು ಛಂದ ಮಾತಾಡ್ತಾನ ಹುಡುಗ!" ಎಂದ.

ರುಕ್ಮವ್ವ ಬಾಸಿಂಗದ ಕೆಳಗಿನಿಂದ ಅವನ ಮುಖ ನೋಡಿದಳು, ಗಂಟಲು ಖರೇನೇ ಕಟ್ಟಿತೋ ಹೇಗೆ ಎಂದು. ಎಷ್ಟು ನೋಡಿದರೂ ತಿಳಿಯಲಿಲ್ಲ. ಆಗ ಅವಳು ಬಿಕ್ಕಿ ಬಿಕ್ಕಿ ಅತ್ತಳು. ತವರು ಬಿಡುವ ಹುಡುಗಿ ಅಳುತ್ತಾಳಲ್ಲವೇ ಎಂದು ಹೆಂಗಸರು ಅವಳ ಬೆನ್ನು ಸವರಿದರು.