ಡ್ರಾಯಿಂಗ್ ಮೇಷ್ಟ್ರ ಕೊನೇ ಪ್ರಶ್ನೆ

"ಅಲ್ಲಾಡಬೇಡಿ" ಎನ್ನುವಷ್ಟರಲ್ಲಿ ಗುಂಡುಸೂಜಿ ಪುಟ್ಟಿಯ ಬೆರಳಿಗೇ ಚುಚ್ಚಿತ್ತು. ಗಿರಾಕಿಯ ಹೊಸ ಬಿಳಿ ಅಂಗಿಯ ಕಾಲರಿನ ಮೇಲೆ ಸಾಸಿವೆ ಕಾಳಿನಷ್ಟು ರಕ್ತ.

ಅವಳು ಬೆರಳು ಮುಚ್ಚಿಕೊಂಡು ಹಿಂದೆ ಸರಿದಳು. ಅಂಗಿ ಬಿಚ್ಚಿ ಎಂದಳು. ಪಾಪ, ಅವರು ಕಕ್ಕಾಬಿಕ್ಕಿಯಾಗಿ ಬಿಚ್ಚಿಕೊಟ್ಟರು. ಅವಳು ಕತ್ತರಿ ಎತ್ತಿಕೊಂಡು ಕಾಲರನ್ನೇ ಕತ್ತರಿಸಿ ಹಾಕಿದಳು!

ಕಾಲರ್ ಚಿಕ್ಕದು ಮಾಡಿಸಲು ಬಂದಿದ್ದ ಡ್ರಾಯಿಂಗ್ ಮೇಷ್ಟ್ರು, ಬನಿಯನ್ನಿನಲ್ಲಿ ನಿಂತು ಪಿಳಿಪಿಳಿ ಕಣ್ಣು ಬಿಟ್ಟರು.

ಈ ಹುಡುಗಿಗೆ ತಲೆ ಕೆಟ್ಟಿದೆಯೇ ಅಂತ ನೀವೂ ಅಂದುಕೊಂಡಿರಬಹುದು. ಇಲ್ಲ. ಪುಟ್ಟಿಗೆ ಎಚ್‌ಐವಿ ಇತ್ತು. ನಾಲ್ಕು ವರ್ಷ ತಪ್ಪದೆ ಮಾತ್ರೆ ನುಂಗಿ, ಪರೀಕ್ಷೆಯಲ್ಲಿ ವೈರಸ್ ಕಾಣಿಸದಷ್ಟು ಕಡಿಮೆಯಾಗಿತ್ತು. ಬಟ್ಟೆಗೆ ತಾಗಿದ ಹನಿಯಿಂದ ಯಾರಿಗೂ ಏನೂ ಆಗುವುದಿಲ್ಲ ಎಂಬುದು ಅವಳಿಗೆ ಬಾಯಿಪಾಠ. ಆದರೆ ತಲೆಗೆ ಗೊತ್ತಿದ್ದದ್ದು ಕೈಗೂ ಗೊತ್ತಿರಬೇಕಲ್ಲ...

ಹೊಲಿಗೆ ಅಂಗಡಿಯ ಯಜಮಾನಿಯಾದ ಅವಳ ಅತ್ತಿಗೆ ಏನೋ ಸಬೂಬು ಹೇಳಿ, ಅಂಗಿಯ ಕುತ್ತಿಗೆಗೆ ಪಟ್ಟಿ ಹೊಲಿದು ಕೊಟ್ಟು ಕಳಿಸಿದಳು.

ಮೇಷ್ಟ್ರು ಮತ್ತೆ ಬಂದರು. ಒಮ್ಮೆ ಪ್ಯಾಂಟಿನ ಅಂಚು, ಒಮ್ಮೆ ಚೀಲದ ಹಿಡಿ, ಕೊನೆಗೆ ಗಟ್ಟಿಮುಟ್ಟಾಗಿದ್ದ ಗುಂಡಿಯನ್ನು ತಾವೇ ಕಿತ್ತುಕೊಂಡು! ಅವರ ದನಿ ಕೇಳಿದರೆ ಪುಟ್ಟಿಯ ಮುಖ ಅರಳುತ್ತಿತ್ತು. ಆದರೂ ಪರದೆಯ ಹಿಂದೆ ಸರಿದುಬಿಡುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯ್ತು ಅಂತ ಅತ್ತಿಗೆ ನಗುತ್ತಿದ್ದಳು.

ಮೇಷ್ಟ್ರು ಅದನ್ನು ಬೇರೆಯೇ ಅರ್ಥ ಮಾಡಿಕೊಂಡರು.

"ಅವ್ರಿಗೆ ನನ್ನ ಕಂಡ್ರೆ ಆಗಲ್ಲ ಅನ್ಸುತ್ತೆ. ಇನ್ಮೇಲೆ ಬರಲ್ಲ ಬಿಡಿ" ಎಂದು ಒಂದು ಸಂಜೆ ಅತ್ತಿಗೆಗೆ ಹೇಳಿದರು.

'ಹೇಳಿದರೆ ಹೋಗಿಬಿಡುತ್ತಾರೆ... ಹೇಳದಿದ್ದರೂ ಹೋಗುತ್ತಿದ್ದಾರಲ್ಲ!' ಪುಟ್ಟಿ ಪರದೆ ಸರಿಸಿ ಬಂದಳು.

"ನಿಮ್ಮನ್ನ ಕಂಡ್ರೆ ಆಗಲ್ಲ ಅಂತಲ್ಲ ಮೇಷ್ಟ್ರೇ. ನನಗೆ ಎಚ್‌ಐವಿ ಇದೆ."

ಮೇಷ್ಟ್ರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಹೇಗೆ ಬಂತು ಎಂದು ಕೇಳಲಿಲ್ಲ. ತಮಗೆ ಇದರ ಬಗ್ಗೆ ಏನೂ ಗೊತ್ತಿಲ್ಲ, ಸ್ವಲ್ಪ ದಿನ ಬೇಕು ಎಂದಷ್ಟೇ ಹೇಳಿ ಎದ್ದು ಹೋದರು.

ನಾಲ್ಕು ದಿನ ಪತ್ತೆಯಿಲ್ಲ. ಪುಟ್ಟಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಐದನೇ ದಿನ ಮಧ್ಯಾಹ್ನ ಅಂಗೈಯ ಮಾತ್ರೆ ನೋಡುತ್ತಾ, 'ಇದನ್ನಾದರೂ ಯಾಕೆ ನುಂಗಬೇಕು?' ಅನ್ನಿಸಿತು.

ಆ ಯೋಚನೆಗೆ ಅವಳೇ ಬೆಚ್ಚಿಬಿದ್ದಳು. ತಕ್ಷಣ ಮಾತ್ರೆ ನುಂಗಿ ಅತ್ತಿಗೆಯ ಬಳಿ ಹೋದಳು.

"ಅತ್ತಿಗೆ, ನನ್ನ ಮನಸ್ಸು ಸರಿ ಇಲ್ಲ. ಆಸ್ಪತ್ರೆಗೆ ಹೋಗಿ ಮೇಡಂ ಹತ್ರ ಮಾತಾಡಿ ಬರ್ತೀನಿ."

ಆ ಮೇಡಂ ಆಪ್ತಸಮಾಲೋಚಕಿ. ಮಾತ್ರೆ ಇದ್ದರೆ ಸಾಕು, ಮಾತುಗೀತು ಯಾಕೆ ಎಂಬ ಜಂಬದಲ್ಲಿ ಪುಟ್ಟಿ ಅವರನ್ನು ಕಂಡು ವರ್ಷವಾಗಿತ್ತು. ಅವತ್ತು ಅರ್ಧ ಗಂಟೆ ಅತ್ತಳು. ಅಳಬೇಡ ಎಂದು ಮೇಡಂ ಹೇಳಲಿಲ್ಲ. ಮೇಷ್ಟ್ರು ಬಂದರೆ ಏನು, ಬಾರದಿದ್ದರೆ ಏನು ಎಂದು ಇಬ್ಬರೂ ನಿಧಾನವಾಗಿ ಮಾತಾಡಿದರು. ಬಾರದಿದ್ದರೆ ತುಂಬಾ ದುಃಖವಾಗುತ್ತದೆ. ಆದರೆ ಮರುದಿನವೂ ಊಟ ಮಾಡಬೇಕು, ಮಾತ್ರೆ ನುಂಗಬೇಕು, ಬೇಜಾರಾದರೆ ಇಲ್ಲಿಗೆ ಬರಬೇಕು. ಹಾಗೆಂದುಕೊಂಡ ಮೇಲೆ ಅವಳ ಮನಸ್ಸು ಹಗುರವಾಯಿತು.

ಹೊರಗೆ ಬಂದರೆ, ಡಾಕ್ಟರ ಕೋಣೆಯ ಮುಂದಿನ ಬೆಂಚಿನಲ್ಲಿ ಮೇಷ್ಟ್ರು!

ಆ ಊರಿಗೆ ಇದ್ದದ್ದು ಆ ಆಸ್ಪತ್ರೆಯೊಂದೇ. ಅವಳ ಹೆಸರೆತ್ತದೆ, ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದುಕೊಂಡು, ಮೂರು ದಿನದಿಂದ ಶಾಲೆ ಬಿಟ್ಟೊಡನೆ ಬಂದು ಡಾಕ್ಟರ ತಲೆ ತಿನ್ನುತ್ತಿದ್ದರಂತೆ.

"ಹೆದರಿಕೆ ಆಗಿತ್ತು, ಸುಳ್ಳು ಹೇಳಲ್ಲ. ಈಗಿಲ್ಲ. ಮಾತ್ರೆ ಸರಿಯಾಗಿ ತಗೊಂಡ್ರೆ ಮದುವೆ, ಮಕ್ಕಳು, ಎಲ್ಲಾ ಆಗುತ್ತೆ ಅಂದ್ರು. ನೀವಂದ್ರೆ ನನಗೆ ತುಂಬಾ ಇಷ್ಟ. ಆದ್ರೆ ಒಂದು ಪ್ರಶ್ನೆಗೆ ಮಾತ್ರ, ಅವರನ್ನೇ ಕೇಳಿ ಅಂದ್ಬಿಟ್ರು."

ಪುಟ್ಟಿ ಒಂದು ಹೆಜ್ಜೆ ಹತ್ತಿರ ಬಂದಳು. "ಏನು?"

"ನಿಮ್ಮ ಮನಸ್ಸು ಸರಿ ಇಲ್ಲದ ದಿನ ನಾನು ಮಾತಾಡಿಸ್ಬೇಕಾ, ಸುಮ್ನೆ ಪಕ್ಕದಲ್ಲಿ ಕೂತಿರ್ಬೇಕಾ?"

ಇಷ್ಟು ವರ್ಷದಲ್ಲಿ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ. ಅವಳು ಬೆಂಚಿನ ಮೇಲೆ ಅವರ ಪಕ್ಕ ಕುಳಿತಳು.

"ಸುಮ್ನೆ ಕೂತಿದ್ರೆ ಸಾಕು."

"ಇವತ್ತು ಹೇಗಿದೆ?"

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಇವತ್ತು... ಮಾತಾಡಿಸಬಹುದು."